ಬರಿಯ ತುಟಿ ಸಾಲದು
ಕಾಸೆಲ್ ನಗರದ ಸಂಗೀತ ಶಿಕ್ಷಕಿ ರೋಸ್ವಿತಾ ಕ್ಲೆಮ್ ಅವರ ಹಾಡು ೧೯೭೪ರಲ್ಲಿ ಜರ್ಮನಿಯ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೂರನೆಯದಾಗಿತ್ತೆಂದು ಯಾರಾದರೂ ಹೊಗಳಿದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತದೆ. “ಹದಿನೇಳನೇದು ಕಣ್ರೀ, ಅದೂ ಎರಡೇ ವಾರ” ಎಂದು ತಿದ್ದದೆ ಪಿಯಾನೊ ತೆರೆಯುವುದಿಲ್ಲ. ಪಾರ್ಸೆಲ್ ತಂದ ಅಂಚೆಯವನಿಗೂ “ಹೊಟ್ಟೆಯಿಂದ ಉಸಿರೆಳಿ” ಎಂದು ಗದರುತ್ತಾರೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಕಟ್ಟಡದಲ್ಲಿ ಸದ್ದು ಕೂಡದೆಂಬ ನಿಯಮವಿದೆ. ಒಂದು ಹೊಡೆದೊಡನೆ ಕೆಳಮನೆಯ ಪೋಲ್ ಎಂಬ ವೃದ್ಧೆ ಪೊರಕೆಯ ಹಿಡಿಯಿಂದ ತಮ್ಮ ಛಾವಣಿಗೆ ಕುಟ್ಟುತ್ತಾರೆ, ಪಾಠ ಮುಗಿಯುತ್ತದೆ. ತಪ್ಪಿದ ಸ್ವರವನ್ನು ರೋಸ್ವಿತಾ ಕ್ಷಮಿಸುತ್ತಾರೆ, ಬರಿದೆ ತುಟಿಯಾಡಿಸುವವರನ್ನು ಕ್ಷಮಿಸರು. ಈಚೆಗೆ ಪಾಠಕ್ಕೆ ಸೇರಿದ ನಿವೃತ್ತ ಟ್ರಾಮ್ ಚಾಲಕ ಡೀಟ್‌ಹೆಲ್ಮ್ ವೊಬ್ಬೆ, ಶಾಲೆಯಲ್ಲಿ “ನೀನು ಬರೀ ತುಟಿಯಾಡಿಸು, ಸಾಕು” ಎಂದು ಮೇಷ್ಟ್ರು ಹೇಳಿದಂದಿನಿಂದ ಹಾಡಿದವರಲ್ಲ. ಶನಿವಾರ ಮೊಮ್ಮಗಳ ಮದುವೆಯಲ್ಲಿ ಹಾಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದಾರೆ. “ನಾನು ಹಾಡಿದ್ರೆ ಮದುಮಗ ಓಡಿಹೋಗ್ತಾನೆ, ಮೇಡಂ” ಎಂದು ಅವರು ಮೊನ್ನೆ ಬಾಗಿಲತ್ತ ತಿರುಗಿದರು. ರೋಸ್ವಿತಾ ಯಾರಿಗೂ ಹೇಳದ್ದನ್ನು ಹೇಳಿದರು: “ಟಿವಿಯಲ್ಲಿ ಒಂಬತ್ತು ವರ್ಷ ನಾನೂ ರೆಕಾರ್ಡಿಗೆ ತುಟಿ ಆಡಿಸಿದೋಳೇ. ಮೈಕಿನ ತಂತಿ ಎಲ್ಲಿಗೂ ಸೇರಿರ್ಲಿಲ್ಲ. ನೀವು ಹಾಡಿ.” ಹನ್ನೆರಡು ಐವತ್ತೆಂಟಕ್ಕೆ ವೊಬ್ಬೆ ಸಣ್ಣ ದನಿಯಲ್ಲಿ ಆರಂಭಿಸಿದರು, ಒಂದು ಗಂಟೆ ಮೂರು ನಿಮಿಷಕ್ಕೆ ಗಟ್ಟಿಯಾಗಿ ಮುಗಿಸಿದರು. ಒಂದು ಹೊಡೆದರೂ ಸುಮ್ಮನಿದ್ದ ಕೆಳಮನೆಯ ಪೊರಕೆ, ಹಾಡು ಮುಗಿದ ಮೇಲೆ ಒಂದೇ ಸಲ, ಮೆಲ್ಲಗೆ ಕುಟ್ಟಿತು.