ಚೀಟಿಯಿಲ್ಲದ ನೀಲಿ ಚಿಟ್ಟೆ

ಹಾಲ್ಕುರಿಕೆಯ ವನಜಾಕ್ಷಿಯ ಜಗಲಿಯಲ್ಲಿ ಗಾಜಿನ ಪೆಟ್ಟಿಗೆ ತುಂಬ ಸತ್ತ ದುಂಬಿ, ಚಿಟ್ಟೆಗಳನ್ನು ಮೊದಲ ಸಲ ಕಂಡಾಗ, ಕೀಟನಾಶಕದ ಅಂಗಡಿಯ ಸಂಬಳದಾಳು ತಿಮ್ಮರಾಜು ಅದನ್ನು ಬೇರೆ ಕಂಪನಿಯ ಜಾಹೀರಾತೆಂದೇ ನಂಬಿ, “ಯಾವ ಔಷ್ಧಿ ಹೊಡುದ್ರಿ ಅಕ್ಕಾ?” ಎಂದು ಕೇಳಿ ನಗೆಪಾಟಲಾಗಿದ್ದ. ಆಕೆ ತಾವಾಗಿ ಸತ್ತ ಹುಳುಗಳನ್ನಷ್ಟೇ ಎತ್ತಿಡುವವಳು. ಕೊಬ್ಬರಿ ಅಟ್ಟ, ಬಚ್ಚಲು, ಬೀದಿದೀಪದ ಬುಡ ಎಂದು ಸಿಕ್ಕ ಜಾಗದ ಚೀಟಿಯನ್ನೂ ಅಂಟಿಸುತ್ತಿದ್ದಳು. ಎರಡು ವರ್ಷದಿಂದ ಮಾತ್ರ ಒಂದನ್ನೂ ಎತ್ತಿರಲಿಲ್ಲ.

ಈಗ ಶಾಲೆಯವರು ಮಕ್ಕಳಿಗೆ ತೋರಿಸಲು ಪೆಟ್ಟಿಗೆ ಕೇಳಿದ್ದರು. ಹೊತ್ತೊಯ್ಯಲು ಬಂದ ತಿಮ್ಮರಾಜುವಿನ ಎದುರೇ ಆಕೆ ಚೀಟಿಯಿಲ್ಲದ ನೀಲಿ ಚಿಟ್ಟೆಯೊಂದನ್ನು ಹೊರಗೆ ತೆಗೆದಿಟ್ಟಳು.

“ಇದೇ ಎಲ್ಲಕ್ಕಿಂತ ಚೆನ್ನಾಗೈತಲ್ಲಕ್ಕಾ! ಎಲ್ಲಿ ಸತ್ತು ಬಿದ್ದಿತ್ತು?”

ವನಜಾಕ್ಷಿ ಗಾಜು ಒರೆಸುತ್ತಿದ್ದ ಬಟ್ಟೆಯನ್ನು ಮಡಚಿಟ್ಟಳು.

“ಬಿದ್ದಿರ್ಲಿಲ್ಲ ಕಣಪ್ಪ. ಎರಡ್ ವರ್ಷದ್ ಹಿಂದೆ ಹೂವಿನ್ ಮೇಲೆ ಕೂತಿತ್ತು. ಬೇಕು ಅನ್ನಿಸ್ತು, ಸಾಯಿಸ್ದೆ.”