ಅಪ್ಪ ತನಗೆ ತಾನೇ ಹಾಕಿಕೊಂಡ ಪಾಳಿ

ಯಾದಗಿರಿಯ ಡಾಕ್ಟರು ಅಪ್ಪನ ಎದೆಯ ಎಕ್ಸರೇ ಬೆಳಕಿಗೆ ಹಿಡಿದು ನೋಡಿ, ಶ್ವಾಸಕೋಶ ಗಟ್ಟಿಯಾಗಿದೆ, ಇನ್ನು ಮುಂದೆ ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಮಷೀನನ್ನು ಹಗಲೂ ರಾತ್ರಿ ಹಚ್ಚಿರಬೇಕು ಎಂದರು. ನಾನು ಹತ್ತೆಂಟು ಪ್ರಶ್ನೆ ಕೇಳಿದೆ. ಅವರು ಕೇಳಿದ್ದು ಒಂದೇ: "ಮನೆಯಲ್ಲಿ ಕರೆಂಟ್ ಸರಿಯಾಗಿ ಇರುತ್ತದಲ್ಲಮ್ಮ?" ಇರುತ್ತದೆ ಎಂದು ಎದೆ ತಟ್ಟಿ ಹೇಳಿದೆ. ನನ್ನ ತಲೆಯಲ್ಲಿದ್ದದ್ದು ಶಹಾಪುರದಲ್ಲಿ ಮಹಡಿಯ ಮೇಲಿನ ನನ್ನ ಬಾಡಿಗೆ ಮನೆ. ಅಪ್ಪನ ತಲೆಯಲ್ಲಿದ್ದದ್ದು ದೇವಾಪುರದ ಆಚೆ ಹಳ್ಳದ ದಂಡೆಯಲ್ಲಿರುವ ಹೊಲದ ಮನೆ. ಆಸ್ಪತ್ರೆಯ ಮೆಟ್ಟಿಲು ಇಳಿಯುವ ಮೊದಲೇ ಅವನು ತನ್ನ ತೀರ್ಮಾನ ಹೇಳಿಬಿಟ್ಟ.

"ನಿನ್ನ ಮಾಳಗಿ ಮ್ಯಾಲ ನಾ ಬರಂಗಿಲ್ಲವ್ವ. ಹೊಲಕ್ಕ ನಡಿ."

ಹಟದಲ್ಲಿ ನಾನೂ ಅವನ ಮಗಳೇ, ಆದರೆ ಏದುಸಿರು ಬಿಡುವವನ ಜೊತೆ ಎಷ್ಟಂತ ಜಗಳಾಡುವುದು? ನಾನು ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಶಾಲೆಗೆ ರಜೆ ಹಾಕಿ, ಮಷೀನು, ಹಾಸಿಗೆ, ಒಂದು ಆಮ್ಲಜನಕದ ಸಿಲಿಂಡರು ಎಲ್ಲವನ್ನೂ ಟಂಟಂ ಆಟೋದಲ್ಲಿ ಹೇರಿಕೊಂಡು ಅಪ್ಪ ಅವ್ವನ ಜೊತೆ ಹೊಲದ ಮನೆ ಸೇರಿದೆ. ಸಿಲಿಂಡರು ಕರೆಂಟು ಪೂರ್ತಿ ಹೋದಾಗಿನ ಆಪತ್ತಿಗೆ ಮಾತ್ರ. ಖಾಲಿಯಾದರೆ ತುಂಬಿಸಲು ಯಾದಗಿರಿಗೇ ಹೋಗಬೇಕು.

ಊರೊಳಗಿನ ಮನೆಗಳಿಗೆ ಕರೆಂಟು ದಿನವಿಡೀ ಇರುತ್ತದೆ. ನಮ್ಮದು ಹೊಲದ ನಡುವಿನ ಮನೆ, ಪಂಪ್‌ಸೆಟ್ಟಿನ ಲೈನಿನ ಮೇಲಿರುವಂಥದು. ಆ ಲೈನಿಗೆ ಮೋಟರ್ ಓಡುವಂಥ ಮೂರು ಫೇಸಿನ ಕರೆಂಟು ಕೆಲವೇ ತಾಸು. ಉಳಿದ ಹೊತ್ತು ಬರುವುದು ಮನೆಯ ದೀಪಕ್ಕೆ ಸಾಕಾಗುವಷ್ಟು ತೆಳು ಕರೆಂಟು. ಅದರಲ್ಲಿ ಅಪ್ಪನ ಮಷೀನು ಓಡುತ್ತಿತ್ತು, ತಲೆಯ ಮೇಲೊಂದು ಫ್ಯಾನೂ ತಿರುಗುತ್ತಿತ್ತು. ಆದರೆ ಆ ತೆಳು ಕರೆಂಟಿನಲ್ಲೂ ಕಂಡೆನ್ಸರ್ ಹಚ್ಚಿ ಮೋಟರ್ ಎಬ್ಬಿಸುವ ಕಳ್ಳವಿದ್ಯೆ ನಮ್ಮ ಕಡೆ ಹಾಲುಹಲ್ಲಿನ ಹುಡುಗರಿಗೂ ಗೊತ್ತು. ಯಾರಾದರೊಬ್ಬರು ಎಬ್ಬಿಸಿದರೆ ವೋಲ್ಟೇಜು ಇಳಿದು ಅಪ್ಪನ ಮಷೀನು ಕೀಂಯ್ ಎಂದು ಕೂಗಿ ನಿಂತುಬಿಡುತ್ತದೆ. ಹೆಚ್ಚು ಹೊತ್ತು ಹಾಗೇ ಇದ್ದರೆ ಸುಟ್ಟೂ ಹೋಗುತ್ತದೆ.

ಇದಕ್ಕೆ ನಮ್ಮ ಲೈನಿನಲ್ಲಿ ಒಂದು ಕಟ್ಟುಪಾಡು ಇತ್ತು. ಹಿಂದೆ ಒಂದು ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಕಂಡೆನ್ಸರ್ ಹಚ್ಚಿ, ಟೀಸಿ ಎಂದು ನಾವು ಕರೆಯುವ ಟ್ರಾನ್ಸ್‌ಫಾರ್ಮರನ್ನು ಸುಟ್ಟುಕೊಂಡಿದ್ದರು. ಬೇರೆ ಟೀಸಿ ಬರುವಷ್ಟರಲ್ಲಿ ಪೈರು ಹುಲ್ಲಾಗಿತ್ತು. ಆಮೇಲೆ ಎಲ್ಲರೂ ಕೂತು ಮಾತಾಡಿ, ತಂತಮ್ಮ ಮೋಟರಿನ ಫ್ಯೂಜುಗಳನ್ನು, ಆ ಬಿಳಿ ಪಿಂಗಾಣಿ ತುಂಡುಗಳನ್ನು, ಕಿತ್ತು ತಂದು ಒಂದು ಬುಟ್ಟಿಯಲ್ಲಿ ಹಾಕಿ ಅಪ್ಪನ ಮುಂದಿಟ್ಟರು. ಫ್ಯೂಜಿಲ್ಲದೆ ಮೋಟರಿಲ್ಲ. ಮೂರು ಫೇಸ್ ಬಂದಾಗ ಎಲ್ಲರೂ ತಂತಮ್ಮದನ್ನು ಒಯ್ದು, ಅದು ಹೋದ ಕೂಡಲೇ ತಂದಿಡುವುದು. ತೆಳು ಕರೆಂಟಿನ ಹೊತ್ತಿನಲ್ಲಿ ಯಾರ ಪಾಳಿಯೋ ಅವರಿಗೆ ಅಪ್ಪ ಫ್ಯೂಜು ಕೊಡುವುದು, ನೀರು ಹಾಯಿಸಿದ ಮೇಲೆ ಅವರು ತಂದು ಬುಟ್ಟಿಗೆ ಹಾಕುವುದು. ಸುರಪುರದ ಬಜಾರಿಗೆ ಹೋದರೆ ಯಾರಿಗೆ ಬೇಕಾದರೂ ಹೊಸ ಫ್ಯೂಜು ಸಿಗುತ್ತದೆ. ಯಾರೂ ತರಲಿಲ್ಲ, ಅದೇ ಅದರ ಮರ್ಯಾದೆ. ಇಡೀ ಏರ್ಪಾಟೇ ಕಾನೂನಿಗೆ ವಿರುದ್ಧ ಎಂದು ನಾನು ಒಮ್ಮೆ ಅಪ್ಪನಿಗೆ ಪಾಠ ಹೇಳಿದ್ದೆ. "ಕಳ್ಳತನಕ್ಕೂ ಒಂದು ಪಾಳಿ ಬೇಕಾಗ್ತದವ್ವ" ಎಂದು ಅವನು ನಕ್ಕಿದ್ದ.

ಮಷೀನು ಬಂದ ದಿನ ಸಂಜೆ ಲೈನಿನ ರೈತರೆಲ್ಲ ನಮ್ಮ ಅಂಗಳಕ್ಕೆ ಬಂದರು. ಹಳ್ಳದಾಚೆಯ ಹೊಲದ ಕಾಕಾ ಎಲ್ಲರ ಪರವಾಗಿ ಮಾತಾಡಿದ.

"ಅಣ್ಣಾ, ಇನ್ನ ಪಾಳಿ ಬಂದ್. ಮೂರು ಫೇಸ್ ಬಂದಾಗಷ್ಟ ನೀರ ಹಾಯಿಸ್ತೀವಿ. ನಿನ್ನ ಉಸರಿಗಿಂತ ನಮ್ಮ ನೆಲ್ಲಿನ ಗದ್ದಿ ದೊಡ್ಡದಲ್ಲ."

ಅಪ್ಪ ಫ್ಯೂಜಿನ ಬುಟ್ಟಿಯನ್ನು ಮಂಚದ ಕೆಳಗೆ ತಳ್ಳಿದ. ನನಗೆ ಕಣ್ಣು ತುಂಬಿ ಬಂದವು. ಅವನಿಗೆ ಬರಲಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು.

ಸ್ವಲ್ಪ ದಿನಕ್ಕೆ ಕಾಲುವೆ ನೀರು ಬಂದ್ ಆಯಿತು. ಹಳ್ಳದ ಮಡುವಿನಲ್ಲಿ ನಿಂತ ನೀರೇ ಗತಿ. ಭತ್ತದ ತೆನೆಯಲ್ಲಿ ಹಾಲುಗಾಳು ಕಟ್ಟುತ್ತಿತ್ತು. ಆ ಹದದಲ್ಲಿ ನೀರು ತಪ್ಪಿದರೆ ತೆನೆ ನಿಂತಲ್ಲೇ ಜೊಳ್ಳಾಗುತ್ತದೆ. ಮೂರು ಫೇಸಿನ ಹೊತ್ತು ಯಾರಿಗೂ ಸಾಲುತ್ತಿರಲಿಲ್ಲ. ಅಪ್ಪ ಕಾಯಿಲೆ ಬಿದ್ದದ್ದರಿಂದ ಆ ಸಲ ನಮ್ಮ ಹೊಲ ಬೀಳು ಬಿದ್ದಿತ್ತು, ಹಾಗಾಗಿ ನನಗೆ ಅದರ ಬಿಸಿ ತಟ್ಟಲಿಲ್ಲ. ಬಾಗಿಲಿಗೆ ಎದುರಾಗಿ ಮಂಚ ಹಾಕಿಸಿಕೊಂಡಿದ್ದ ಅಪ್ಪನಿಗೆ ಮಾತ್ರ ಕಾಕಾನ ಗದ್ದೆ ಇಡಿಯಾಗಿ ಕಾಣುತ್ತಿತ್ತು.

ಅದೇ ದಿನಗಳಲ್ಲಿ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಮೀಟರು ಸಂಜೆಯ ಹೊತ್ತು ಇಳಿಯತೊಡಗಿತು. ಬೆಳಿಗ್ಗೆ ಚೆನ್ನಾಗಿರುವವನ ತುಟಿ ಸಂಜೆಗೆ ಕಪ್ಪಗಾಗುತ್ತಿತ್ತು. ಮಷೀನು ಕೆಟ್ಟಿತೆಂದು ಯಾದಗಿರಿಯಿಂದ ಹುಡುಗನನ್ನು ಕರೆಸಿದೆ. ಗಡಿಯಾರದ ಹಾಗೆ ಓಡುತ್ತಿದೆ ಎಂದು ಹೇಳಿ ಹೋದ. ಹಾಗಾದರೆ ವೋಲ್ಟೇಜೇ! ಯಾವನೋ ಕದ್ದು ಮೋಟರ್ ಎಬ್ಬಿಸುತ್ತಿದ್ದಾನೆ! ನನ್ನ ಮೈ ಉರಿದುಹೋಯಿತು. ನೆತ್ತಿ ಸುಡುವ ಬಿಸಿಲಲ್ಲಿ ಹಳ್ಳ ದಾಟಿ ಹೋಗಿ ಕಾಕಾನ ಗದ್ದೆಯ ಬದುವಿನ ಮೇಲೆ ನಿಂತೆ. ಗದ್ದೆಯಲ್ಲಿ ನೀರು ನಿಂತಿತ್ತು. ಇನ್ನೇನು ಸಾಕ್ಷಿ ಬೇಕು?

"ಕಾಕಾ, ನಮ್ಮಪ್ಪನ ಜೀವಾ ಹಿಂಡಿ ಗದ್ದಿಗಿ ಹಾಯ್ಸಾಕತ್ತೀಯಲ್ಲ, ನಾಚಿಕಿ ಬರಂಗಿಲ್ಲೇನು?"

ಅವನು ತಲೆ ಎತ್ತಲಿಲ್ಲ. ಕೈಗೆ ಅಂಟಿದ್ದ ಕೆಸರನ್ನು ಧೋತರಕ್ಕೆ ಒರೆಸಿಕೊಂಡ.

"ನಮ್ಮ ಫ್ಯೂಜ ನಿಮ್ಮಪ್ಪನ ಬುಟ್ಟ್ಯಾಗ ಅದವ್ವ. ಮನಿಗಿ ಹೋಗಿ ಅವನ್ನ ಕೇಳ."

ಮನೆಗೆ ಬಂದು ಬುಟ್ಟಿ ನೋಡಿದೆ. ಅವನ ಫ್ಯೂಜು ಇತ್ತು. ಎಲ್ಲರದೂ ಇತ್ತು. ಆ ಕಳ್ಳ ಸುರಪುರದ ಬಜಾರಿನಿಂದ ಹೊಸದು ತಂದಿದ್ದಾನೆ ಎಂದು ಲೆಕ್ಕ ಹಾಕಿ, ಲೈನಿನ ಉದ್ದಕ್ಕೂ ಒಂದೊಂದು ಮೋಟರಿನ ಪೆಟ್ಟಿಗೆಗೂ ಇಣುಕಿದೆ. ಕಂಡವರಿಗೆಲ್ಲ ಬೈದೆ. ಯಾರೂ ತಿರುಗಿ ಬೈಯಲಿಲ್ಲ, ಅದರಿಂದ ಇನ್ನೂ ಸಿಟ್ಟು ಬಂತು. ಲೈನ್‌ಮನ್‌ಗೆ ಫೋನ್ ಮಾಡಿ ಕೂಗಾಡಿದೆ. ಬಂದು ಕಂಬ ಹತ್ತಿ ನೋಡಿ, ಲೈನು ಸರಿಯಿದೆ ಎಂದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳು ಎನ್ನುತ್ತಾರಲ್ಲ, ಅದು ನನ್ನ ಕಥೆಯೇ.

ಮಧ್ಯಾಹ್ನದ ಊಟವಾದ ಮೇಲೆ ಅವ್ವ ನನ್ನನ್ನು ದಿನವೂ ಬೇವಿನ ಗಿಡದ ಕೆಳಗೆ ಅಟ್ಟುತ್ತಿದ್ದಳು. "ರಾತ್ರಿಯೆಲ್ಲ ಕಣ್ಣ ಮುಚ್ಚಿಲ್ಲ ನೀ. ಹೋಗ್, ಒಂದ್ ನಿದ್ದಿ ತಗಿ. ನಾ ಇರ್ತೀನಿ" ಎನ್ನುವಳು. ಎಂಥ ಅಂತಃಕರಣ ಎಂದುಕೊಂಡು ಹೋಗಿ ಮಲಗುತ್ತಿದ್ದೆ. ಗಿಡ ಮನೆಯಿಂದ ದೂರ, ಬಾವಿಯ ಪಕ್ಕದಲ್ಲಿತ್ತು. ಒಂದು ದಿನ ಕೆಂಪಿರುವೆ ಕಚ್ಚಿ ಎಚ್ಚರವಾಯಿತು. ಕೊಬ್ಬರಿಎಣ್ಣೆ ಹಚ್ಚಿಕೊಳ್ಳೋಣವೆಂದು ಮನೆಗೆ ಬಂದೆ. ಬಾಗಿಲ ಹತ್ತಿರ ಬಂದಾಗ ಏನೋ ಇಲ್ಲ ಅನ್ನಿಸಿತು. ಮಷೀನಿನ ಗುರ್ ಸದ್ದು ಇರಲಿಲ್ಲ.

ಒಳಗೆ ಅಪ್ಪ ಗೋಡೆಗೆ ಒರಗಿ ಕೂತಿದ್ದ. ನಳಿಕೆ ಕೊರಳಲ್ಲಿ ಜೋತುಬಿದ್ದಿತ್ತು. ಮಷೀನಿನ ಸ್ವಿಚ್ಚು ಆಫ್. ಫ್ಯಾನೂ ಆಫ್. ಅವ್ವ ಮೊರದಿಂದ ಗಾಳಿ ಹಾಕುತ್ತಿದ್ದಳು. ಅವನ ಹೆಗಲ ಎಲುಬು ಒಂದೊಂದು ಉಸಿರಿಗೂ ಕಿವಿಯ ತನಕ ಏರಿ ಇಳಿಯುತ್ತಿತ್ತು, ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಂಚದ ಕೆಳಗಿನ ಬುಟ್ಟಿ ಹೊರಗೆ ಬಂದಿತ್ತು. ಹಳ್ಳದ ಕಡೆಯಿಂದ ಕಾಕಾನ ಮೋಟರಿನ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

ಬೇಲಿಯೇ ಎದ್ದು ಹೊಲ ಮೇಯುವುದನ್ನು ಕಂಡಿದ್ದೆ, ಬೇಲಿ ತನ್ನನ್ನು ತಾನೇ ಕಿತ್ತುಕೊಡುವುದನ್ನು ಕಂಡಿರಲಿಲ್ಲ.

"ಏನ್ ಮಾಡಾಕತ್ತೀ ಅಪ್ಪಾ? ಏನಿದು?"

ಅವನಿಗೆ ಮಾತಾಡಲು ಉಸಿರಿರಲಿಲ್ಲ. ಕೈಯೆತ್ತಿ, ತಡಿ ಎಂದು ಸನ್ನೆ ಮಾಡಿದ. ನಾನು ಸಿಲಿಂಡರಿನ ಕಡೆ ಓಡಿದೆ. ಅದರ ಮುಳ್ಳು ತಂದ ದಿನ ಎಲ್ಲಿತ್ತೋ ಅಲ್ಲಿಯೇ ಇತ್ತು. ಅದನ್ನೂ ಮುಟ್ಟಿರಲಿಲ್ಲ. ನಳಿಕೆ ಸಿಕ್ಕಿಸಿ ತಿರುವಿದೆ. ತುಟಿಗೆ ಬಣ್ಣ ಬರುವ ತನಕ ಅವ್ವ ನನ್ನ ಮುಖ ನೋಡಲಿಲ್ಲ.

"ನಿನಗೂ ಗೊತ್ತಿತ್ತೇನು?" ಎಂದು ಅವ್ವನಿಗೆ ಕೇಳಿದೆ.

"ನಾ ಬ್ಯಾಡ ಅಂದೆ. ನಿಮ್ಮಪ್ಪನ ಹಟ ನಿನಗ ಗೊತ್ತಿಲ್ಲೇನು?" ಎಂದಳು.

ಆಮೇಲೆ ಅಪ್ಪ ಹೇಳಿದ, ನಾಲ್ಕು ಮಾತಿಗೊಮ್ಮೆ ನಿಂತು. ಹೇಳುವ ದನಿಯಲ್ಲಿ ತಪ್ಪು ಮಾಡಿದವನ ಅಳುಕೇ ಇರಲಿಲ್ಲ.

"ಈ ಮಷೀನಿನಾಗೂ ಒಂದು ಮೋಟರ್ ಅದ ಹೌದಿಲ್ಲ? ಅಂದ್ ಮ್ಯಾಲ ಅದೂ ಪಾಳ್ಯಾಗ ಬರಬೇಕು. ಹತ್ತ ಮಂದೀ ಪಾಳಿ ಕಾದಂವ ನಾ. ನನ್ನ ಮೋಟರ್ ಒಂದ ಹಗಲೂ ರಾತ್ರಿ ಓಡಿಸ್ಲೇನು?"

ಕಾಕಾನಿಗೂ ಉಳಿದವರಿಗೂ ಅಪ್ಪ, ಮಷೀನಿನಲ್ಲಿ ಬ್ಯಾಟರಿ ಇದೆ, ಕರೆಂಟಿಲ್ಲದೆಯೂ ಎರಡು ತಾಸು ಓಡುತ್ತದೆ, ಮಗಳಿಗೆ ಹೇಳಬೇಡ, ಸಿಟ್ಟಿನವಳು ಎಂದಿದ್ದನಂತೆ. ದಿನಕ್ಕೊಬ್ಬರಂತೆ ಎಲ್ಲರನ್ನೂ ಫೋನ್ ಮಾಡಿ ಕರೆದು, ನಾನು ಮಲಗಿದ ಮೇಲೆ ಫ್ಯೂಜು ಕೊಟ್ಟಿದ್ದ. ಅವರ ಮೋಟರ್ ಏಳುವ ಮೊದಲು ಮಷೀನು ಆರಿಸುತ್ತಿದ್ದ. ಇಲ್ಲದಿದ್ದರೆ ಅದು ಕೂಗಿ ನನ್ನನ್ನು ಎಬ್ಬಿಸುತ್ತಿತ್ತಲ್ಲ!

ಅವತ್ತು ಫ್ಯೂಜು ಹಿಂದಿರುಗಿಸಲು ಬಂದ ಕಾಕಾ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡ. ಪಿಂಗಾಣಿ ತುಂಡನ್ನು ಕಟ್ಟೆಯ ಕಲ್ಲಿಗೆ ಎತ್ತಿ ಒಗೆದ. ಅದು ಚೂರಾಯಿತು.

"ಬ್ಯಾಟರಿ ಅದ ಅಂದ್ಯಲ್ಲಣ್ಣಾ! ನನ್ನ ಕೈಲೆ ನಿನ್ನ ಕುತ್ತಿಗಿ ಹಿಸುಕಿಸಿದ್ಯಲ್ಲ!" ಎಂದು ಗೋಳೋ ಎಂದು ಅತ್ತ. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ನೋಡಿರಲಿಲ್ಲ. ಬದುವಿನ ಮೇಲೆ ನಿಂತು ನಾನು ಆಡಿದ ಮಾತು ನೆನಪಾಗಿ, ಅವನ ಎದುರು ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಇನ್ನು ಯಾರೂ ಫ್ಯೂಜು ಮುಟ್ಟುವುದಿಲ್ಲ ಎಂದು ಲೈನಿನವರೆಲ್ಲ ಆಣೆ ಮಾಡಿದರು. ಅಪ್ಪನನ್ನು ಶಹಾಪುರಕ್ಕೆ ಹೊರಡಿಸಿದ್ದು ಆ ಆಣೆಯೇ ಹೊರತು ನನ್ನ ಕಣ್ಣೀರಲ್ಲ. ತಾನು ಇಲ್ಲಿರುವ ತನಕ ಗದ್ದೆಗಳಿಗೆ ನೀರಿಲ್ಲ ಎಂಬುದು ಖಾತ್ರಿಯಾದ ಮೇಲೆ, "ನಾ ಹೋದ್ರ ಲೈನ್ ಖಾಲಿ ಆಗ್ತದ, ನಡೀರಿ" ಎಂದ. ಬುಟ್ಟಿಯನ್ನು ಕಾಕಾನ ಮಡಿಲಿಗೆ ಹಾಕಿದ. ಗಾಡಿಯಲ್ಲಿ ಮಲಗಿ, ನಮ್ಮ ಹೊಲದ ಮೇಲೆ ಹಾದುಹೋಗುವ ದೊಡ್ಡ ಕಂಬಗಳ ಲೈನನ್ನು ಮರೆಯಾಗುವ ತನಕ ನೋಡಿದ. ಅದರಲ್ಲಿ ಹರಿಯುವ ಕರೆಂಟು ನಮ್ಮ ಮೋಟರುಗಳಿಗೆ ಬರುವಂಥದಲ್ಲ, ದೂರದ ಊರುಗಳಿಗೆ ಹೋಗುವಂಥದು.

ಶಹಾಪುರದಲ್ಲಿ ಅವನು ಮೊದಲು ಕೇಳಿದ್ದು, ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ಯಾಕೆ ತಿರುಗುತ್ತಿದೆ ಎಂದು. ನಾನು ಎದ್ದು ಆರಿಸಿದೆ. ಫ್ರಿಜ್ಜು ಯಾವಾಗ ಬಂದ್ ಮಾಡುತ್ತೀ ಎಂದ. ಬಂದ್ ಮಾಡುವುದಿಲ್ಲಪ್ಪ ಎಂದೆ. ಎದುರಿನ ಅಂಗಡಿಯ ಬೋರ್ಡು ಹಗಲಲ್ಲೂ ಮಿಣಿಮಿಣಿ ಎನ್ನುತ್ತಿತ್ತು, ಅದನ್ನೇ ನೋಡುತ್ತ ಕೂತ. ಆದರೂ ಮೀಟರು ಸಂಜೆ ಇಳಿಯುವುದು ನಿಂತಿತು, ತುಟಿ ಕೆಂಪಾಯಿತು, ಒಂದು ರೊಟ್ಟಿ ಹೆಚ್ಚಿಗೆ ತಿಂದ. ಗೆದ್ದೆ ಎಂದುಕೊಂಡು ನಾನು ಶಾಲೆಗೆ ಹೋಗತೊಡಗಿದೆ.

ಒಂದು ಮಧ್ಯಾಹ್ನ ಪೇಪರು ತಿದ್ದುವ ಕೆಲಸ ಬೇಗ ಮುಗಿದು ಮನೆಗೆ ಬಂದೆ. ಬಾಗಿಲು ತೆರೆದರೆ ಮನೆ ಮೌನವಾಗಿತ್ತು. ಫ್ರಿಜ್ಜಿನ ಸದ್ದಿಲ್ಲ, ಫ್ಯಾನಿಲ್ಲ, ಗೋಡೆಯ ಮೇಲಿನ ಸ್ವಿಚ್ಚುಗಳೆಲ್ಲ ಮೇಲಕ್ಕೆ. ಅವ್ವ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಅಪ್ಪ ನಳಿಕೆಯನ್ನು ಕೊರಳಿಗಿಳಿಸಿಕೊಂಡು, ಆರಿದ ಮಷೀನಿನ ಪಕ್ಕ ಕೂತು ಸ್ಪೀಕರ್ ಹಾಕಿದ ಫೋನನ್ನು ಬಾಯಿಯ ಮುಂದೆ ಹಿಡಿದಿದ್ದ. ಆ ಕಡೆ ಇದ್ದವನು ಕಾಕಾ. ಅಪ್ಪ ಏನು ಮಾಡುತ್ತಿದ್ದಾನೆಂದು ಪಾಪ ಅವನಿಗೆ ಗೊತ್ತೇ ಇರಲಿಲ್ಲ.

"ವೋಲ್ಟೇಜ್ ಇಲ್ಲಣ್ಣಾ, ಮೋಟರ್ ಎತ್ತವಲ್ದು" ಎನ್ನುತ್ತಿದ್ದ.

"ಈಗ... ಹಚ್ಚಿ ನೋಡು" ಎಂದ ಅಪ್ಪ.

ಇಲ್ಲಿ ಆರಿಸಿದರೆ ಉಳಿದ ಕರೆಂಟು ಅಲ್ಲಿಗೆ ಹೋಗುವುದಿಲ್ಲಪ್ಪಾ, ಆ ಲೈನೇ ಬೇರೆ, ಈ ಲೈನೇ ಬೇರೆ ಎಂದು ಕಿರುಚಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಫೋನಿನೊಳಗಿಂದ ಮೋಟರು ಒದರಿಕೊಂಡು ಎದ್ದ ಸದ್ದು ಬಂತು, ಹಿಂದೆಯೇ ಕಾಕಾನ ದನಿ.

"ಎತ್ತಿತಣ್ಣಾ! ಎತ್ತಿತು! ನೀರ ಬಂತು!"

ಅಪ್ಪ ನೇರಳೆ ತುಟಿಯಲ್ಲಿ ನನ್ನ ಕಡೆ ನೋಡಿ ನಕ್ಕ. ನಾನು ಓಡಿ ಹೋಗಿ ಮಷೀನಿನ ಸ್ವಿಚ್ಚಿನ ಮೇಲೆ ಕೈಯಿಟ್ಟೆ. ಇಪ್ಪತ್ತು ವರ್ಷ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡಿದ ಕೈ ಅದು. ಒತ್ತಿದರೆ ಅಲ್ಲಿ ಮೋಟರು ನಿಂತುಬಿಡುತ್ತದೆಯೇನೋ ಎಂದು ಹೆದರಿ, ಅಪ್ಪನ ಉಸಿರು ಕಣ್ಣೆದುರೇ ಸಿಕ್ಕಿಕೊಳ್ಳುತ್ತಿದ್ದರೂ, ಒಂದು ಗಳಿಗೆ ಒತ್ತದೆ ನಿಂತೆ.