ತುಂಬಿದ ಕೊಡದ ಹಾದಿ

ಗೊಳಸಂಗಿಯ ಇಮಾಮಬಿ ಕೃಷ್ಣಾ ನದಿಯ ಅಣೆಕಟ್ಟಿನ ಕೆಲಸಕ್ಕೆ ಸೇರಿದಾಗ ಆಕೆಗೆ ಮೂವತ್ತೆಂಟು. ಗಂಡ ಗೈಬುಸಾಬ ಅಲ್ಲೇ ಕಲ್ಲು ಒಡೆಯುತ್ತಿದ್ದ. ಈಕೆಯದು ನೀರು ಹೊರುವ ಕೆಲಸ. ಬುನಾದಿ ತೋಡಿ ತೆಗೆದ ಕಲ್ಲುಮಣ್ಣು ದಂಡೆಯ ಮೇಲೆ ಬಿದ್ದು ಬಿದ್ದು ಒಂದು ಗುಡ್ಡವೇ ಆಗಿತ್ತು. ಆ ಬೋಳು ಗುಡ್ಡಕ್ಕೆ ಹಸಿರು ಹೊದಿಸಬೇಕು, ಅಣೆಕಟ್ಟು ನೋಡಲು ಬಂದವರು ಹತ್ತಿ ಕೂಡುವಂಥ ತೋಟ ಮಾಡಬೇಕು ಎಂದು ಮೇಲಿನಿಂದ ಹುಕುಂ ಬಂದಿತ್ತು. ಸಸಿಗೆ ನೀರು ಬೇಕು, ನೀರು ಕೆಳಗೆ ಹೊಳೆಯಲ್ಲಿ. ಇಮಾಮಬಿ, ಆಕೆಯ ಗೆಳತಿ ಹನಮವ್ವ, ಇನ್ನೂ ಆರು ಮಂದಿ ಹೆಂಗಸರು ದಿನವಿಡೀ ಕೊಡ ಹೊತ್ತು ಹತ್ತಿ ಇಳಿಯುತ್ತಿದ್ದರು.

೧೯೭೪ರ ಬೇಸಿಗೆಯಲ್ಲಿ ಮೈಸೂರು ಕಡೆಯ ಚನ್ನಕೇಶವಯ್ಯ ಎಂಬ ತೋಟದ ಸಾಹೇಬರು ಬಂದರು. ಅವರ ನಕಾಶೆಯಲ್ಲಿ ಗುಡ್ಡದ ಬುಡದಿಂದ ನೆತ್ತಿಯವರೆಗೆ ದಾರ ಹಿಡಿದಂತೆ ನೆಟ್ಟಗೆ ಮೆಟ್ಟಿಲು. ನೋಡಲು ಚೆಂದವಿತ್ತು. ಅರ್ಧ ಕಟ್ಟಿದ್ದರೋ ಇಲ್ಲವೋ, ಮುಂಗಾರಿಗೆ ಮೊದಲೇ ದೊಡ್ಡ ಅಡ್ಡಮಳೆ ಬಂತು. ಸಡಿಲ ಮಣ್ಣು, ನೀರೂ ನೆಟ್ಟಗೆ ಇಳಿಯಿತು. ಬೆಳಿಗ್ಗೆ ನೋಡಿದರೆ ಮೆಟ್ಟಿಲುಗಳು ಜಾರಿ ಬುಡಕ್ಕೆ ಬಂದು ಬಿದ್ದಿದ್ದವು.

ಸಾಹೇಬರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಗ ಇಮಾಮಬಿ ಕೊಡ ಹೊತ್ತು ಪಕ್ಕದಲ್ಲೇ ಹಾದುಹೋದಳು. ಒಂದು ಬಂಡೆ ಬಳಸಿ ಎಡಕ್ಕೆ, ಮತ್ತೆ ಬಲಕ್ಕೆ.

"ಏನಮ್ಮ, ನೆಟ್ಟಗೆ ಹತ್ತೋದು ಬಿಟ್ಟು ಹೀಗ್ಯಾಕೆ ಸುತ್ತಾಡ್ತೀಯ?" ಎಂದು ಕೇಳಿದರು.

"ನೆಟ್ಟಗ ಹತ್ತಿದ್ರ ಕೊಡದಾಗಿನ ನೀರು ತುಳಕತಾವ್ರಿ ಸಾಹೇಬ್ರ. ದಮ್ಮೂ ಹತ್ತತೈತಿ."

"ಮಳೆಗೆ ಈ ದಾರಿ ಕೊಚ್ಚಿ ಹೋಗಲ್ವಾ?"

"ಎರಡು ವರ್ಸ ಆತ್ರಿ, ಹಂಗ ಐತಿ. ಹೋಗಿದ್ರ ನಾವು ಹೆಂಗ ಹತ್ತತಿದ್ವಿ?"

ಸಾಹೇಬರು ಎರಡು ದಿನ ಹೆಂಗಸರು ಹತ್ತಿ ಇಳಿಯುವುದನ್ನೇ ನೋಡಿದರು. ಮೂರನೆಯ ದಿನ ಆಕೆಯನ್ನು ಕರೆಸಿ, ತುಂಬಿದ ಕೊಡ ಹೊತ್ತು ಎಂದಿನಂತೆ ಹತ್ತು ಎಂದರು. ಹಿಂದೆ ಪರಪ್ಪ ಎಂಬ ಆಳು ಸುಣ್ಣದ ಪುಡಿ ಚೆಲ್ಲುತ್ತ ಬಂದ. ಎಲ್ಲರ ಕಣ್ಣು ತನ್ನ ಕಾಲ ಮೇಲೆ ಬಿದ್ದಾಗ ಇಮಾಮಬಿಗೆ ನಡೆಯುವುದೇ ಮರೆತಂತಾಯಿತು. ಒಮ್ಮೆ ಎಡವಿ ಅಡ್ಡ ಹೆಜ್ಜೆ ಇಟ್ಟಳು. ಪರಪ್ಪ ಅದಕ್ಕೂ ಸುಣ್ಣ ಹಾಕಿದ. "ಅದನ್ನ ಅಳಸೋ ಮಾರಾಯಾ!" ಎಂದು ಹನಮವ್ವ ಕೆಳಗಿನಿಂದ ಕೂಗಿ ನಕ್ಕಳು. ಮೇಲೆ ಮುಟ್ಟಿ ತಿರುಗಿ ನೋಡಿದರೆ ಹಾವು ಹರಿದ ಹಾಗೆ ಬಿಳಿ ಗೆರೆ.

ಹೊಸ ನಕಾಶೆ ಆ ಗೆರೆಯ ಮೇಲೆಯೇ ಆಯಿತು. ಅಂಕುಡೊಂಕಿನ ಹಾದಿ, ತಿರುವಿಗೊಂದು ಬೇವು. ಮುಂದಿನ ಮಳೆಗಾಲಕ್ಕೆ ಹಾದಿ ಅಲುಗಲಿಲ್ಲ. ಅದರ ಅಂಚಿಗೇ ಸಾಹೇಬರು ನೀರಿನ ಪೈಪು ಹಾಕಿಸಿದರು. ಪೈಪಿನಲ್ಲಿ ನೀರು ಬಂದ ವಾರದೊಳಗೆ ನೀರು ಹೊರುವವರು ಬೇಡವಾದರು. ಇಮಾಮಬಿಯೊಬ್ಬಳನ್ನು ಸಸಿಮಡಿಯ ಕೆಲಸಕ್ಕೆ ಇಟ್ಟುಕೊಂಡು ಉಳಿದ ಏಳು ಮಂದಿಯನ್ನು ಬಿಡಿಸಿದರು.

"ನಮ್ಮ ಹೊಟ್ಟಿ ಮ್ಯಾಲ ಸುಣ್ಣ ಹಾಕಿಸಿದಿ," ಎಂದಳು ಹನಮವ್ವ. ಆಮೇಲೆ ಸಂತೆಯಲ್ಲಿ ಎದುರಾದರೂ ಮುಖ ತಿರುವಿದಳು.

ಇಮಾಮಬಿ ಕೆಲವು ತಿಂಗಳು ಸಸಿಮಡಿಯಲ್ಲಿ ದುಡಿದಳು. ಆದರೆ ಒಬ್ಬಳೇ ಕೂತು ಉಣ್ಣುವುದು ಆಕೆಗೆ ಒಗ್ಗಲಿಲ್ಲ. ಕಡೆಗೆ ಸಾಹೇಬರ ಎದುರು ಹೋಗಿ ನಿಂತಳು.

"ಆ ಹಾದಿ ನಾ ಒಬ್ಬಾಕೀನ ತುಳಿದಿದ್ದಲ್ರಿ. ಎಂಟು ಮಂದಿ ತುಳಿದಿದ್ದು. ಕೆಲಸ ನನಗಷ್ಟ ಯಾಕ್ರಿ?"

"ಜಾಗ ಇಲ್ಲಮ್ಮ. ಮಳೆಗಾಲದಲ್ಲಿ ಕಳೆ ಕೀಳೋಕೆ ಮೂರು ಜನ ಬೇಕಾಗ್ತಾರೆ, ಅಷ್ಟೇ."

"ಹಂಗಾದ್ರ ಆ ಮೂವರನ್ನ ಇವರೊಳಗ ಕರೀರಿ."

ಕರೆದರು. ಮೂವರಿಗೆ ಕೆಲಸ ಸಿಕ್ಕಿತು, ನಾಲ್ವರಿಗೆ ಸಿಗಲಿಲ್ಲ. ಮೂವರಲ್ಲಿ ಒಬ್ಬಳಾದ ಹನಮವ್ವ ಮೊದಲ ದಿನ ಹೊಸ ಹಾದಿ ಹತ್ತಿ ಬಂದು, ಮಧ್ಯಾಹ್ನದವರೆಗೆ ಕಳೆ ಕಿತ್ತಳು. ಉಣ್ಣುವ ಹೊತ್ತಿಗೆ ಹಾದಿ ಬಳಸಿ ಹೋಗುವ ಬಂಡೆಯ ಕಡೆ ಬೆರಳು ಮಾಡಿದಳು.

"ಆ ತಿರುವು ನಿಂದಲ್ಲ, ನಂದು. ಮೊದಲ ನೀ ಬಂಡೆಗಲ್ಲಿನ ಆಚಿ ಕಡಿಂದ ಹೋಗತಿದ್ದಿ."

ಇಮಾಮಬಿ ಬಂಡೆಯ ಕಡೆ ನೋಡಿ, "ಹೌದು, ನಿಂದ," ಎಂದಳು.

ಇಬ್ಬರೂ ಬುತ್ತಿ ಬಿಚ್ಚಿದರು.